ಕೊನೆಯ ಡೋಸ್ ಹಾಕಿದ್ದು ಯಾವತ್ತು?

ಆಷಾಢ ಮುಗಿಯುತ್ತಾ ಬಂದಿತ್ತು. ತುಮಕೂರು ಕಡೆಯ ಒಂದು ಬ್ರಾಯ್ಲರ್ ಶೆಡ್. 2,700 ಕೋಳಿ, ಆವತ್ತಿಗೆ 28ನೇ ದಿನ. ಒಂದು ಕಂಪನಿಯ ಕಾಂಟ್ರಾಕ್ಟ್ ಫಾರಂಗಳನ್ನು ಸುತ್ತುವ ಪಶುವೈದ್ಯ ನಾನು. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ಮೈಮುರಿಯುವ ಕೆಲಸ ರೈತರದು.

"ಹಿಕ್ಕೆಯಲ್ಲಿ ರಕ್ತ ಬರ್ತಿದೆ ಸಾರ್" ಅಂತ ಫೋನ್ ಬಂದಿತ್ತು. ಒಳಗೆ ಕಾಲಿಟ್ಟ ಕೂಡಲೇ ಅಮೋನಿಯಾ ಕಣ್ಣಿಗೆ ಹೊಡೆಯಿತು. ಕೋಳಿ ನೀರು ಕುಡಿಯುವ ನಿಪ್ಪಲ್ ಲೈನಿನ ಕೆಳಗೆ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಒಂದು ಹಿಡಿ ತೆಗೆದು ಹಿಸುಕಿದೆ. ಮುಷ್ಟಿ ಬಿಚ್ಚಿದರೆ ಉದುರಬೇಕು. ಇದು ರಾಗಿ ಮುದ್ದೆ ಥರ ಉಂಡೆಯಾಗಿ ಕೂತಿತು.

ಸತ್ತಿದ್ದ ಮೂರು ಕೋಳಿ ಕೊಯ್ದು ನೋಡಿದೆ. ಕೋಳಿಯ ಕರುಳಿನ ಕೊನೆಗೆ ಎರಡು ಕವಲು ಚೀಲ ಇರುತ್ತವೆ, ನಾವು ಸೀಕಾ ಅಂತೀವಿ. ಮೂರರಲ್ಲೂ ಅವು ರಕ್ತ ತುಂಬಿ, ಕಪ್ಪು ದ್ರಾಕ್ಷಿ ಬಣ್ಣಕ್ಕೆ ತಿರುಗಿ ಊದಿಕೊಂಡಿದ್ದವು. ಐಮೇರಿಯಾ ಟೆನೆಲ್ಲಾ. ರೈತರ ಬಾಯಲ್ಲಿ ಕಾಕ್ಸಿ, ಇಲ್ಲಾ ರಕ್ತ ಭೇದಿ.

ಇದು ಬ್ಯಾಕ್ಟೀರಿಯಾ ಅಲ್ಲ, ಕರುಳಿನ ಗೋಡೆಯೊಳಗೆ ಹೊಕ್ಕು ಬೆಳೆಯುವ ಒಂದು ಪರಾವಲಂಬಿ. ಹಿಕ್ಕೆಯಲ್ಲಿ ಹೊರಗೆ ಬೀಳುವ ಅದರ ಮೊಟ್ಟೆ ಹಾಗೇ ತಿಂದರೆ ಏನೂ ಮಾಡುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ ಒಂದೆರಡು ದಿನ ಸಿಕ್ಕಿತೋ, ಹಣ್ಣಾಗುತ್ತದೆ. ಕೋಳಿ ಕೆದಕಿ ತಿನ್ನುತ್ತದೆ, ಸುಮಾರು ಒಂದು ವಾರದಲ್ಲಿ ಅದರ ಹಿಕ್ಕೆಯಲ್ಲಿ ಮತ್ತಷ್ಟು ಮೊಟ್ಟೆ. ಫೀಡಿನಲ್ಲಿ ಕಾಕ್ಸಿ ತಡೆಯುವ ಔಷಧಿ ಇದ್ದೇ ಇರುತ್ತದೆ. ಆದರೆ ಹೊಟ್ಟು ಹೀಗೆ ಮುದ್ದೆಯಾದರೆ ಆ ಔಷಧಿಯ ಆಟ ನಡೆಯುವುದಿಲ್ಲ.

ಕುಡಿಯುವ ನೀರಿಗೆ ಕಾಕ್ಸಿಯ ಮದ್ದು ಆಂಪ್ರೋಲಿಯಂ, ಐದು ದಿನ ಅಂತ ಬರೆದುಕೊಟ್ಟೆ. ಒದ್ದೆ ಹೊಟ್ಟು ತೆಗೆಸಿ, ನಿಪ್ಪಲ್ ವಾಷರ್ ಬದಲಾಯಿಸಿ ಅಂದೆ. ಅಷ್ಟು ಹೇಳಿ ಗಾಡಿ ಹತ್ತಿದೆ. ಇನ್ನೂ ನಾಲ್ಕು ಫಾರಂ ಇದ್ದವು.

ಮುಂದಿನ ಮಂಗಳವಾರ, 34ನೇ ದಿನ, ಮತ್ತೆ ಹೋದೆ. ಎರಡೇ ದಿನ ಬಿಟ್ಟು ಗುರುವಾರ ಲಿಫ್ಟಿಂಗ್, ಅಂದರೆ ಕೋಳಿ ಮಾರಾಟಕ್ಕೆ ಎತ್ತುವ ದಿನ. ರಕ್ತ ನಿಂತಿತ್ತು. ಫೀಡ್ ಚೀಲ ಎಣಿಸುತ್ತಿದ್ದಾಗ ಹಿಂದೆ ಒಂದು ಖಾಲಿ ಬಾಟಲಿ ಕಂಡಿತು. ಎನ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್. ನಾನು ಬರೆದದ್ದಲ್ಲ.

"ಇದ್ಯಾಕೆ ಯಜಮಾನ್ರೇ?"

"ನಿಮ್ಮ ಔಷಧಿ ಹಾಕಿ ಒಂದು ದಿನ ಆದ್ರೂ ರಕ್ತ ನಿಲ್ಲಲಿಲ್ಲ ಸಾರ್. ಸಂತೆಗೆ ಹೋಗಿದ್ದೆ, ಅಂಗಡಿಯವರು ಇದು ಸ್ಟ್ರಾಂಗ್ ಅಂತ ಕೊಟ್ರು."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಟಲಿ ಪಕ್ಕದ ಇನ್ನೊಂದು ಕ್ಯಾನು ಕಣ್ಣಿಗೆ ಬಿತ್ತು. ಬಿ-ಕಾಂಪ್ಲೆಕ್ಸ್ ಟಾನಿಕ್. ಕೋಳಿ ಸುಸ್ತಾಗಿವೆ ಅಂತ ದಿನಾ ಅದೇ ನೀರಿಗೆ ಹಾಕುತ್ತಿದ್ದರಂತೆ.

ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1 ವಿಟಮಿನ್ನಿನ ವೇಷ ಹಾಕಿಕೊಂಡು. ಪರಾವಲಂಬಿ ಬಿ1 ಅಂದುಕೊಂಡು ಇದನ್ನು ಒಳಗೆ ಬಿಟ್ಟುಕೊಂಡು ಸೊರಗುತ್ತದೆ. ಅದೇ ನೀರಿನಲ್ಲಿ ನಿಜವಾದ ಬಿ1 ಧಾರಾಳ ಇದ್ದರೆ ವೇಷ ಹಾಕಿ ಏನು ಬಂತು? "ಬೇರೆ ಏನಾದ್ರೂ ಹಾಕ್ತಿದ್ದೀರಾ" ಅನ್ನುವ ಒಂದು ಪ್ರಶ್ನೆ ನಾನು ಕೇಳಿರಲಿಲ್ಲ. ಅದಕ್ಕೇ ಔಷಧಿ ನಿಧಾನವಾಯಿತು, ಅದಕ್ಕೇ ಅವರು ಅಂಗಡಿಗೆ ಹೋದರು. ಬೈಗುಳ ಗಂಟಲಲ್ಲೇ ಉಳಿಯಿತು.

ಇನ್ನೊಂದು ಮಾತೂ ಒಪ್ಪಿಕೊಳ್ಳಬೇಕು. ಕಾಕ್ಸಿ ಮೇಲೆ ಎನ್ರೋ ಏನೂ ಮಾಡುವುದಿಲ್ಲ ಅಂತ ನನಗೆ ಗೊತ್ತು. ಕಾಕ್ಸಿ ಗಾಯ ಮಾಡಿದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು, ಕರುಳೇ ಕೊಳೆಯುವ ಸ್ಥಿತಿ ಬಂದಾಗ ಆಂಟಿಬಯೋಟಿಕ್ ಬೇಕಾಗುತ್ತದೆ, ನಿಜ. ಅದಕ್ಕೂ ಎನ್ರೋ ಸರಿಯಾದ ಮದ್ದಲ್ಲ. ಆದರೂ "ಇರಲಿ, ಒಂದು ಕವರೇಜ್" ಅಂತ ನಮ್ಮ ಲೈನಿನವರೇ ಎಷ್ಟು ಸಲ ಬರೆದಿಲ್ಲ? ನಾನೂ ಬರೆದಿದ್ದೇನೆ. ಅಂಗಡಿಯವರು ಕಲಿತದ್ದು ನಮ್ಮ ಚೀಟಿ ನೋಡಿಯೇ ಅಲ್ವಾ.

ಲೇಬಲ್ ಓದಿದೆ. ಕೊನೆಯ ಡೋಸ್ ಆದ ಮೇಲೆ ಮಾಂಸಕ್ಕೆ 7 ದಿನ ಕಾಯಬೇಕು ಅಂತ ಸಣ್ಣ ಅಕ್ಷರದಲ್ಲಿತ್ತು. ಸದ್ಯ, ಇತ್ತು! 2012ರ ನಿಯಮದ ಪ್ರಕಾರ ಲೇಬಲ್ಲಿನಲ್ಲಿ ದಿನ ಹೇಳದಿದ್ದರೆ ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು. ಬ್ರಾಯ್ಲರ್ ಬದುಕುವುದೇ 40 ದಿನದ ಆಸುಪಾಸು.

"ಕೊನೆಯ ಡೋಸ್ ಹಾಕಿದ್ದು ಯಾವತ್ತು?"

"ಸಂತೆ ದಿನ ಶುರು ಮಾಡಿ ಮೂರು ದಿನ. ಶನಿವಾರಕ್ಕೆ ಮುಗೀತು" ಅಂದರು ಯಜಮಾನರು.

ಬಾಗಿಲ ಬಳಿ ಬಕೆಟ್ ತೊಳೆಯುತ್ತಿದ್ದ ಅವರ ಹೆಂಡತಿ ತಲೆ ಎತ್ತಿದರು. "ಸಂತೆಯಿಂದ ನೀವು ಬಂದಾಗ ಕತ್ತಲಾಗಿತ್ತು. ಹಾಕಿದ್ದು ಶುಕ್ರವಾರ. ತಳದಲ್ಲಿ ಉಳಿದದ್ದನ್ನ ಯಾಕೆ ಚೆಲ್ಲೋದು ಅಂತ ನಿನ್ನೆ ಬೆಳಗ್ಗೆ ನಾನೇ ಬಾಟಲಿ ತೊಳೆದು ಟ್ಯಾಂಕಿಗೆ ಹುಯ್ದೆ."

ನಿನ್ನೆ ಅಂದರೆ ಸೋಮವಾರ, 33ನೇ ದಿನ. ಅಕ್ಕ ಬಾಯಿ ಬಿಡದಿದ್ದರೆ ನನ್ನ ಲೆಕ್ಕ ಎರಡು ದಿನ ತಪ್ಪುತ್ತಿತ್ತು. ಟ್ಯಾಂಕ್ ಖಾಲಿ ಮಾಡಿಸಿ, ಪೈಪ್ ಲೈನ್ ಪೂರ್ತಿ ಫ್ಲಶ್ ಮಾಡಿಸಿದೆ. ಅಲ್ಲಿಂದ ಎಣಿಸಿದರೆ ಲಿಫ್ಟಿಂಗ್ ಗುರುವಾರದಿಂದ ಮುಂದಿನ ಮಂಗಳವಾರಕ್ಕೆ ಹೋಗುತ್ತದೆ. ಐದು ದಿನ ತಡ.

ಐದು ದಿನ ಅಂದರೆ ಸುಮ್ನೆ ಅಲ್ಲ. ಆ ವಯಸ್ಸಿನ ಕೋಳಿ ದಿನಕ್ಕೆ ಸುಮಾರು 200 ಗ್ರಾಂ ತಿನ್ನುತ್ತದೆ. 2,700 ಕೋಳಿಗೆ ದಿನಕ್ಕೆ 540 ಕೆಜಿ, ಐದು ದಿನಕ್ಕೆ 50 ಕೆಜಿಯ 54 ಚೀಲ. ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕಕ್ಕೆ ಎಷ್ಟು ಫೀಡು ಅನ್ನುವ ಲೆಕ್ಕ, ಕೆಡುತ್ತದೆ. ಮೇಲೆ ಶ್ರಾವಣ. ಭೀಮನ ಅಮಾವಾಸ್ಯೆ ದಾಟಿದರೆ ನಮ್ಮ ಕಡೆ ಚಿಕನ್ ಅಂಗಡಿಗಳಲ್ಲಿ ನೊಣ ಹೊಡೆಯಬೇಕು.

ಮೇಲಿನವರಿಗೆ ಫೋನ್ ಮಾಡಿದೆ. "ಜೀವಂತ ಕೋಳಿ ಮಾರ್ಕೆಟ್ಟಿಗೆ ಹೋಗೋದು. ಅಲ್ಲಿ ಯಾರ್ರೀ ಟೆಸ್ಟ್ ಮಾಡ್ತಾರೆ?" ಅಂತ ಕೇಳಿದರು. ಸುಳ್ಳೇನೂ ಅಲ್ಲ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತ್ತು. ಬಾಟಲಿ ನೋಡಲೇ ಇಲ್ಲ ಅಂದುಕೊಂಡಿದ್ದರೆ ಆಗಿಹೋಗುತ್ತಿತ್ತು.

ಆದರೆ ಕೋಳಿಯ ಮೈಯಲ್ಲಿ ಎನ್ರೋದ ಒಂದು ಭಾಗ ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ನಮಗೆ ಡಾಕ್ಟರು ಬರೆದುಕೊಡುವ ಅದೇ ಸಿಪ್ರೋ. ಸಾರು ಕುದಿಸಿದರೆ ಪೂರ್ತಿ ಹೋಗುವುದೂ ಇಲ್ಲ. 2014ರಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ದೆಹಲಿ ಮತ್ತು ಸುತ್ತಮುತ್ತಲಿನ 70 ಕೋಳಿ ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ 40% ಸ್ಯಾಂಪಲ್‌ಗಳಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಸಿಕ್ಕವುಗಳಲ್ಲಿ ಈ ಎರಡೂ ಇದ್ದವು. ಆ ಸುದ್ದಿ ಓದಿ ದೆಹಲಿಯವರನ್ನು ಆಡಿಕೊಂಡವರಲ್ಲಿ ನಾನೂ ಒಬ್ಬ.

ಫೋನಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. "ಶೆಡ್ಡಿನ ಔಷಧಿ ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಿಬಿಟ್ಟಿದ್ದೀನಿ ಸಾರ್" ಅಂದೆ. ಸಹಿ ಹಾಕಿದ ಕಾಗದಕ್ಕೆ ಎಲ್ಲರೂ ಹೆದರುತ್ತಾರೆ. ಲಿಫ್ಟಿಂಗ್ ಮುಂದೆ ಹೋಯಿತು. ರೇಟು ಬಿತ್ತು. ಆ ತಿಂಗಳ ಮೀಟಿಂಗಿನಲ್ಲಿ ನನ್ನ ಹೆಸರು ಬೇಕಾದ್ದಕ್ಕಿಂತ ಜಾಸ್ತಿ ಸಲ ಕೇಳಿಬಂತು.

ಆ ರಾತ್ರಿ ನನ್ನ ಹಳೆಯ ಕಾರ್ಡುಗಳನ್ನು ತೆಗೆದು ನೋಡಿದೆ. ಔಷಧಿ ಶುರುವಾದ ದಿನ ಎಲ್ಲದರಲ್ಲೂ ಇತ್ತು. ನಿಂತ ದಿನದ ಕಾಲಂ ಹೆಚ್ಚಿನವುಗಳಲ್ಲಿ ಖಾಲಿ. ನನ್ನದೇ ಕೈಬರಹ.

ಈಗ ಬರೆಯುವ ಮೊದಲು ಮೂರು ವಿಷಯ ಕೇಳುತ್ತೇನೆ: ನೀರಿಗೆ ಬೇರೆ ಏನು ಬೀಳುತ್ತಿದೆ, ಲಿಫ್ಟಿಂಗ್ ಯಾವತ್ತು, ಟ್ಯಾಂಕಿಗೆ ಔಷಧಿ ಹಾಕುವ ಕೈ ಯಾರದು. ಮೂರನೆಯದಕ್ಕೆ ಉತ್ತರ ಮನೆಯ ಹೆಂಗಸರಾಗಿದ್ದರೆ ಅವರ ಜೊತೆಯೇ ಮಾತಾಡುತ್ತೇನೆ.

ಆ ಫಾರಂನ ಅಕ್ಕ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಔಷಧಿ ನಿಂತ ದಿನಕ್ಕೆ ಕುಂಕುಮದ ಬೊಟ್ಟು ಇಡುತ್ತಾರೆ. ಮೊನ್ನೆಯ ಬ್ಯಾಚಿನಲ್ಲಿ 24ನೇ ದಿನ ಮತ್ತೆ ಸ್ವಲ್ಪ ರಕ್ತ ಕಂಡಿತಂತೆ, ಫೋನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ, "ಟಾನಿಕ್ ನಿಲ್ಲಿಸಿದ್ದೀನಿ ಸಾರ್. ನಿಪ್ಪಲ್ಲೂ ಸೋರ್ತಿಲ್ಲ. ಈ ಸಲ ಸೋರ್ತಿರೋದು ಮೇಲಿನ ಶೀಟು. ಅದಕ್ಕೆ ಯಾವ ಔಷಧಿ ಬರೀತೀರಿ?" ಅಂದರು.