ಎರಡು ಸ್ಪ್ರೇ, ಒಂದು ದಿನ: ಸೆಂಟಿನ ಲೆಕ್ಕದ ಪುಸ್ತಕ

ಮಾರ್ಚ್ 9

ತಂಗಿ ಹುಟ್ಟುಹಬ್ಬಕ್ಕೆ ಕೊಟ್ಟ ನೂರು ಮಿಲಿಲೀಟರಿನ ಬಾಟಲಿ ಮೂರು ತಿಂಗಳಿಗೆ ಅರ್ಧ ಖಾಲಿ. ಬೆಳಗ್ಗೆ ಎಂಟೂವರೆಗೆ ಏಳೆಂಟು ಸಲ ಒತ್ತಿಕೊಂಡು ಹೊರಡುತ್ತೇನೆ. ಹತ್ತೂವರೆಗೆ ಕಚೇರಿಯಲ್ಲಿ ಮಣಿಕಟ್ಟು ಮೂಸಿದರೆ ಏನೂ ಇಲ್ಲ. ಆಮೇಲೆ ಶೌಚಾಲಯಕ್ಕೆ ಹೋಗಿ, ಕಳ್ಳನ ಹಾಗೆ ಚೀಲದಿಂದ ಬಾಟಲಿ ತೆಗೆದು ಮತ್ತೆ ಮೂರು ಸಲ. ಈ ಲೆಕ್ಕದಲ್ಲಿ ಮುಂದಿನ ಹುಟ್ಟುಹಬ್ಬದ ತನಕ ಅದು ಬಾಳುವುದಿಲ್ಲ.

ಸೆಂಟು ನಿಲ್ಲುವುದಿಲ್ಲವೋ, ನನಗೆ ಹಚ್ಚಿಕೊಳ್ಳಲು ಬರುವುದಿಲ್ಲವೋ ನೋಡಿಯೇ ಬಿಡೋಣ ಎಂದು ಇವತ್ತಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ. ನಿಯಮ ಸರಳ. ಅದೇ ಬಾಟಲಿ, ದಿನಕ್ಕೆ ಎರಡೇ ಸ್ಪ್ರೇ, ಮೈಯ ಒಂದೇ ಜಾಗ, ಮಧ್ಯಾಹ್ನ ಮತ್ತೆ ಹಾಕುವಂತಿಲ್ಲ. ಸಂಜೆ ಆರೂವರೆಗೆ ಮನೆಗೆ ಬಂದ ಕೂಡಲೇ ಹೆಂಡತಿ ಸೊನ್ನೆಯಿಂದ ಐದರೊಳಗೆ ಅಂಕ ಕೊಡುತ್ತಾಳೆ. ಎಲ್ಲಿ ಹಾಕಿದ್ದೇನೆಂದು ಅವಳಿಗೆ ಹೇಳುವುದಿಲ್ಲ. "ರೀ, ಇದಕ್ಕೆ ಸಂಬಳ ಎಷ್ಟು?" ಎಂದು ಕೇಳಿದ್ದಾಳೆ.

ಬಾಟಲಿಯ ಮೇಲೆ ಓ ದ ತ್ವಾಲೆತ್ ಎಂದಿದೆ. ಅಂದರೆ ಸುಗಂಧದ ಅಂಶ ಸಾಮಾನ್ಯವಾಗಿ ಶೇಕಡಾ 5ರಿಂದ 15, ಮಿಕ್ಕದ್ದು ಹೆಚ್ಚುಕಡಿಮೆ ಆಲ್ಕೋಹಾಲು. ಓ ದ ಪರ್ಫ್ಯೂಮ್ ಆಗಿದ್ದರೆ 15ರಿಂದ 20ರ ಆಸುಪಾಸು ಇರುತ್ತಿತ್ತು. ಇನ್ನೊಂದು ತಪ್ಪು ಇವತ್ತೇ ಕಣ್ಣಿಗೆ ಬಿತ್ತು. ಮೂರು ತಿಂಗಳಿಂದ ಬಾಟಲಿ ಇದ್ದದ್ದು ಬಚ್ಚಲುಮನೆಯಲ್ಲಿ, ಗೀಸರಿನ ಕೆಳಗಿನ ಗೂಡಿನಲ್ಲಿ. ಶಾಖವೂ ಬೆಳಕೂ ಸೆಂಟನ್ನು ಕೆಡಿಸುತ್ತವೆ. ಅದನ್ನು ಬಟ್ಟೆಯ ಬೀರುವಿಗೆ ವರ್ಗ ಮಾಡಿದೆ.

ಮಾರ್ಚ್ 15

ಬಲ ಮಣಿಕಟ್ಟು: ಸೊನ್ನೆ. ಎಡ ಮಣಿಕಟ್ಟು: ಒಂದು. ಮೊಣಕೈಯ ಒಳಮಡಿಕೆ: ಮೂರು. ಕತ್ತು: ಮೂರು. ಅಂಗಿಯೊಳಗೆ ಎದೆ: ನಾಲ್ಕು.

ಸೆಂಟಿನ ಬಗ್ಗೆ ಮಾತಾಡುವವರೆಲ್ಲ ಮೊದಲು ಹೇಳುವುದು ಮಣಿಕಟ್ಟನ್ನೇ. ನಾಡಿ ಬಡಿಯುವ ಜಾಗ ಬೆಚ್ಚಗಿರುತ್ತದೆ, ಪರಿಮಳ ಚೆನ್ನಾಗಿ ಏಳುತ್ತದೆ ಎಂದು. ಸರಿಯೇ. ಆದರೆ ಆ ಸಲಹೆ ಚಮಚದಲ್ಲಿ ಉಣ್ಣುವವರಿಗೆ. ನಾನು ಡಬ್ಬಿ ಬಿಚ್ಚುವ ಮುಂಚೆ ಒಮ್ಮೆ, ಸಾರನ್ನ ಮೊಸರನ್ನ ಮುಗಿದ ಮೇಲೆ ಇನ್ನೊಮ್ಮೆ ಸೋಪು ಹಾಕಿ ಕೈ ತೊಳೆಯುತ್ತೇನೆ. ಸಾರಿನ ಇಂಗಿನ ಎದುರು ಯಾವ ಫ್ರೆಂಚ್ ಸೆಂಟು ನಿಂತೀತು? ನಮಗೆ ಮಣಿಕಟ್ಟು ಸುಮ್ಮನೆ ದಂಡ.

ಕತ್ತಿಗೆ ಮೂರೇ ಬಂದದ್ದು ಸ್ಕೂಟರಿನಿಂದ ಇರಬೇಕು. ಕುವೆಂಪುನಗರದಿಂದ ಕಚೇರಿಗೆ ಇಪ್ಪತ್ತು ನಿಮಿಷ ಗಾಳಿ ಬಡಿಯುತ್ತದೆ, ಮೇಲೆ ಹೆಲ್ಮೆಟ್ಟಿನ ಪಟ್ಟಿ ಉಜ್ಜುತ್ತದೆ. ಎದೆಯ ಮೇಲಿನದಕ್ಕೆ ಅಂಗಿಯ ಮರೆ ಇದೆ. ಮೈ ಬಿಸಿಗೆ ನಿಧಾನವಾಗಿ ಕಾಲರಿನ ಸಂದಿಯಿಂದ ಮೇಲೆ ಬರುತ್ತದೆ.

ಎರಡು ಮಣಿಕಟ್ಟು ಸೇರಿಸಿ ಉಜ್ಜುವ ಚಾಳಿಯನ್ನೂ ಬಿಟ್ಟೆ. ಉಜ್ಜಿದರೆ ಸುಗಂಧದ ಅಣುಗಳು ಒಡೆದುಹೋಗುತ್ತವೆ ಎನ್ನುವ ಮಾತಿದೆ. ಅಣು ಹಾಗೆಲ್ಲ ಅಂಗೈಗೆ ಒಡೆಯುವ ವಸ್ತುವಲ್ಲ. ಉಜ್ಜಿದಾಗ ಚರ್ಮ ಬಿಸಿಯಾಗುತ್ತದೆ, ಸೆಂಟು ತೆಳ್ಳಗೆ ಹರಡುತ್ತದೆ, ಮೊದಲೇ ಹಾರಿಹೋಗಲು ತುದಿಗಾಲಲ್ಲಿ ನಿಂತಿರುವ ನಿಂಬೆ-ಕಿತ್ತಳೆಯ ವಾಸನೆ ಇನ್ನೂ ಬೇಗ ಹೋಗುತ್ತದೆ. ಅಷ್ಟೇ. ಅಂಗೈಯಗಲ ದೂರದಿಂದ ಒತ್ತಿ, ಒಣಗಲು ಬಿಟ್ಟು, ಆಮೇಲೆ ಅಂಗಿ ಹಾಕುತ್ತಿದ್ದೇನೆ.

ಮಾರ್ಚ್ 24

ಇವತ್ತಿನದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ.

ನಮ್ಮ ಕಚೇರಿಯ ಅಟೆಂಡರ್ ವಯಸ್ಸಿನಲ್ಲಿ ನನಗಿಂತ ಹಿರಿಯ, ಮಾತು ಕಡಿಮೆ. ಡಿಸೆಂಬರಿನಿಂದ ಒಂದು ಸಂಗತಿ ನೋಡುತ್ತಿದ್ದೆ. ನಾನು ಬಂದು ಕುಳಿತ ಎರಡನೇ ನಿಮಿಷಕ್ಕೆ ಆತ ಬಂದು ನನ್ನ ಬೆನ್ನ ಹಿಂದಿನ ಕಿಟಕಿ ತೆರೆಯುತ್ತಿದ್ದರು. ಮಧ್ಯಾಹ್ನ ಇನ್ನೊಮ್ಮೆ ಬಂದು ಫ್ಯಾನು ಜೋರು ಮಾಡುತ್ತಿದ್ದರು. ಬಿಸಿಲು ಶುರುವಾಗಿದೆ, ಪಾಪ, ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಡಿಸೆಂಬರಿನ ಚಳಿಯಲ್ಲಿ ಯಾವ ಬಿಸಿಲು ಎಂದು ಹೊಳೆಯಲೇ ಇಲ್ಲ. ಈ ಎರಡು ವಾರದಿಂದ ಕಿಟಕಿ ಮುಚ್ಚಿಯೇ ಇದೆ. ಇವತ್ತು ಕೇಳಿದೆ: "ಯಾಕೆ, ಈಗ ಕಿಟಕಿ ತೆಗೆಯುವುದಿಲ್ಲವಲ್ಲ?" ಆತ ನೆಲ ನೋಡುತ್ತ, "ಈಗ ಬೇಕಾಗಿಲ್ಲ ಸಾರ್" ಎಂದರು.

ಹತ್ತೂವರೆಗೆ ಸತ್ತಿದ್ದು ಸೆಂಟಲ್ಲ, ನನ್ನ ಮೂಗು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮಿದುಳು ಎರಡೂ ಅದನ್ನು ಕೈಬಿಡುತ್ತವೆ. ಮೀನು ಮಾರುಕಟ್ಟೆಯಲ್ಲಿ ಕೂತವರಿಗೆ ಮೀನಿನ ವಾಸನೆ ಬಾರದಿರುವುದು ಹೀಗೆಯೇ. ಕತ್ತಿನ ಮುಂಭಾಗಕ್ಕೇ ಒತ್ತಿಕೊಂಡರಂತೂ ಮೂಗಿನ ಕೆಳಗೇ ಅಂಗಡಿ ತೆರೆದ ಹಾಗೆ. ಜೊತೆಗೆ ಇಂದಿನ ಅನೇಕ ಸೆಂಟುಗಳ ತಳದಲ್ಲಿರುವ ಕೃತಕ ಕಸ್ತೂರಿಯ ಅಣುಗಳು ದೊಡ್ಡವು. ಕೆಲವರ ಮೂಗಿಗೆ ಅವುಗಳಲ್ಲಿ ಒಂದೋ ಎರಡೋ ಹತ್ತುವುದೇ ಇಲ್ಲ. ಹಾಕಿಕೊಂಡವನಿಗೆ ಏನೂ ಇಲ್ಲ, ಎದುರಿನವನಿಗೆ ತಲೆನೋವು.

ಹೆಂಡತಿಗೆ ಹೇಳಿದೆ. "ನನಗೆ ಜನವರಿಯಲ್ಲೇ ಗೊತ್ತಿತ್ತು, ನಿಮ್ಮ ತಂಗಿ ಕೊಟ್ಟದ್ದು ಅಂತ ಸುಮ್ಮನಿದ್ದೆ" ಎಂದಳು.

ಏಪ್ರಿಲ್ 3

ಒಣಚರ್ಮದ ಪರೀಕ್ಷೆ. ಮೈಸೂರಿನ ಈ ಬಿಸಿಲಿಗೆ ನನ್ನ ಕೈ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ, ಜಿಡ್ಡಿದ್ದರೆ ಅದರೊಳಗೆ ಕರಗಿ ನಿಧಾನವಾಗಿ ಹೊರಬರುತ್ತದೆ. ಎಡ ಮೊಣಕೈಗೆ ಬರೀ ಸೆಂಟು, ಬಲಕ್ಕೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಕಡಲೆಕಾಳಿನಷ್ಟು ಸವರಿ ಅದರ ಮೇಲೆ ಸೆಂಟು. ಎಡಕ್ಕೆ ಎರಡು, ಬಲಕ್ಕೆ ನಾಲ್ಕು. ಮೂರು ದಿನವೂ ಇದೇ ಫಲ. ಕೊಬ್ಬರಿ ಎಣ್ಣೆಯಿಂದ ಮಾಡಿದ ದಿನ ಬಂದ ಷರಾ: "ಯಾರೋ ತಲೆ ಬಾಚಿಕೊಂಡು ಮದುವೆಗೆ ಹೊರಟ ಹಾಗಿದೆ."

ಸೋಪನ್ನೂ ಬದಲಿಸಿದೆ. ನಿಂಬೆ ವಾಸನೆಯ ಸೋಪಿನಲ್ಲಿ ಮಿಂದು ಅದರ ಮೇಲೆ ಮರದ ಪರಿಮಳದ ಸೆಂಟು ಹಾಕಿದರೆ ಎರಡಕ್ಕೂ ಜಗಳ. ಈಗ ಮೈಸೂರು ಸ್ಯಾಂಡಲ್. ಮೊದಲ ಮಹಾಯುದ್ಧ ಶುರುವಾಗಿ ಯುರೋಪಿಗೆ ಹೋಗಬೇಕಿದ್ದ ಗಂಧದ ಕೊರಡು ಸಂಸ್ಥಾನದಲ್ಲೇ ರಾಶಿ ಬಿದ್ದಾಗ, ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಇಲ್ಲೇ ಎಣ್ಣೆ ಇಳಿಸಲು ಶುರುಮಾಡಿದರು. ಆ ಎಣ್ಣೆಯಿಂದ ಹುಟ್ಟಿದ್ದು ಈ ಸೋಪು. ಇಷ್ಟು ವರ್ಷ ಅಪ್ಪನ ಸೋಪೆಂದು ಮೂಗು ಮುರಿದಿದ್ದೆ. ಇದರಿಂದ ಅರ್ಧ ಅಂಕವಾದರೂ ಹೆಚ್ಚಿದೆ.

ಏಪ್ರಿಲ್ 12

ಕಂಕುಳಿನ ವಿಷಯ, ಚುಟುಕಾಗಿ. ಅಲ್ಲಿ ಸೆಂಟು ಬೇಡ. ಬೆವರಿಗೆ ತನ್ನಷ್ಟಕ್ಕೆ ವಾಸನೆ ಕಡಿಮೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಂದ ಕಮಟು ಹುಟ್ಟುತ್ತದೆ. ಕಮಟಿನ ಮೇಲೆ ಸೆಂಟು ಹೊಡೆದರೆ ಮೂರನೆಯ ಒಂದು ವಾಸನೆ ಬರುತ್ತದೆ, ಸಂಜೆಯ ಬಸ್ಸು ಹತ್ತಿದವರಿಗೆ ಅದರ ಪರಿಚಯವಿದೆ. ರಾತ್ರಿ ಮಲಗುವಾಗ, ಒಣಗಿದ ಕಂಕುಳಿಗೆ, ಅಲ್ಯೂಮಿನಿಯಂ ಲವಣ ಇರುವ, ಬೆವರು ತಡೆಯುವ ರೋಲ್-ಆನ್. ಹಗಲಿಗಿಂತ ರಾತ್ರಿ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ. ವಾಸನೆಯಿಲ್ಲದ್ದು ಸಿಕ್ಕರೆ ಉತ್ತಮ.

ಏಪ್ರಿಲ್ 28

ದೇವರಾಜ ಮಾರುಕಟ್ಟೆ. ಅಪ್ಪನೂ ಬಂದಿದ್ದರು, ಎಪ್ಪತ್ತನಾಲ್ಕರ ವಯಸ್ಸಿನಲ್ಲೂ ಹೂವಿನ ಸಾಲಿನ ನಡುವೆ ನನಗಿಂತ ಮುಂದೆ. ಎಣ್ಣೆ-ಅತ್ತರಿನ ಅಂಗಡಿಯಲ್ಲಿ ಗಾಜಿನ ಬುರುಡೆಗಳು ಸೂರಿನವರೆಗೆ. ಅಂಗಡಿಯ ಹುಡುಗ ಗಾಜಿನ ಕಡ್ಡಿಯಿಂದ ನನ್ನ ಕೈಮೇಲೆ ಒಂದಾದ ಮೇಲೊಂದು ಗೆರೆ ಎಳೆಯತೊಡಗಿದ. ನಾಲ್ಕನೆಯದಕ್ಕೆ ನನ್ನ ಮೂಗು ಕೈಕಟ್ಟಿ ಕುಳಿತಿತು. ಮೂಸಲು ಕಾಫಿಬೀಜದ ಬಟ್ಟಲು ಕೊಟ್ಟ. ಹೊರಗೆ ಬಂದು ಐದು ನಿಮಿಷ ನಿಂತು ನನ್ನದೇ ಅಂಗಿಯ ತೋಳು ಮೂಸಿದ್ದು ಅದಕ್ಕಿಂತ ಮೇಲು.

ಹತ್ತು ಗ್ರಾಂ "ಅಸಲಿ ಗಂಧದೆಣ್ಣೆ"ಗೆ ಇನ್ನೂರು ರೂಪಾಯಿ ಎಂದ. ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟಿ ಎಷ್ಟೋ ಕಾಲವಾಗಿದೆ. ಅಪ್ಪ ನಕ್ಕು ಸುಮ್ಮನಾದರು. ಗಂಧದೆಣ್ಣೆಯ ಬೆಲೆಗೆ ಕಾರಣ ಬರೀ ಪರಿಮಳವಲ್ಲ, ಅದರ ಹಟ. ಕಿತ್ತಳೆ ಸಿಪ್ಪೆಗೆ ವಾಸನೆ ಕೊಡುವ ಲಿಮೊನೀನ್ ಕುದಿಯುವುದು 176 ಡಿಗ್ರಿಗೆ, ಗಂಧಕ್ಕೆ ಪರಿಮಳ ಕೊಡುವ ಸ್ಯಾಂಟಲಾಲ್ ಕುದಿಯಲು ಸುಮಾರು 300 ಬೇಕು. ಹಾಗಾಗಿ ಅದು ಮೈಬಿಟ್ಟು ಹೋಗಲು ಸೋಮಾರಿ, ಜೊತೆಗಿದ್ದ ಹೂವಿನ ಪರಿಮಳವನ್ನೂ ಹಿಡಿದು ಕೂರಿಸುತ್ತದೆ. ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನವರು ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಿಸಿ ಅದರ ಆವಿಯನ್ನು ನೇರ ಗಂಧದೆಣ್ಣೆಯೊಳಕ್ಕೇ ಇಳಿಸುವುದು ಇದಕ್ಕೇ. ಈಗ ಅಗ್ಗದ ಅತ್ತರಿನಲ್ಲಿ ಆ ಜಾಗಕ್ಕೆ ಖನಿಜ ತೈಲ ಬಂದಿದೆ.

ಕೊನೆಗೆ ಲಾವಂಚದ್ದು ಮೂರು ಗ್ರಾಂ, ದವನದ್ದು ಮೂರು ಗ್ರಾಂ ಕೊಂಡೆ. ನಾನು ಬೆರಳಿಗೆ ಸುರಿದುಕೊಂಡು ಸ್ನೋ ಹಚ್ಚುವ ಹಾಗೆ ಬಳಿಯಲು ಹೋದಾಗ ಅಪ್ಪ ಕೈ ಹಿಡಿದರು. "ಅತ್ತರು ಹಚ್ಚುವುದಲ್ಲವೋ, ಇಡುವುದು." ಅವರ ಕಾಲದ ಮದುವೆಗಳಲ್ಲಿ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಮುಂಗೈಗೆ ಅತ್ತರಿನ ಕಡ್ಡಿ ಮುಟ್ಟಿಸಿ ಒಳಗೆ ಬಿಡುತ್ತಿದ್ದರಂತೆ. ಶೋಕಿ ಇದ್ದವರು ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಮೇಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಯೋಚಿಸಿದರೆ ಅದೊಂದು ಬುದ್ಧಿವಂತಿಕೆ: ಚರ್ಮ ಹೀರುವುದಿಲ್ಲ, ಕೈತೊಳೆದರೆ ಹೋಗುವುದಿಲ್ಲ, ಮೈಬಿಸಿ ಮಾತ್ರ ತಾಗುತ್ತದೆ.

ಮೇ 5

ಬಿಳಿ ಅಂಗಿಯ ಕಾಲರಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಹಳದಿ ಕಲೆ. ಲಾವಂಚದ ಅತ್ತರು ಗಟ್ಟಿ, ಬಣ್ಣವೂ ಕಂದು. ಬಟ್ಟೆಯಲ್ಲಿ ಪರಿಮಳ ಹೆಚ್ಚು ಕಾಲ ನಿಲ್ಲುತ್ತದೆಂದು ಅಲ್ಲಿ ಇಟ್ಟಿದ್ದೆ. ನಿಂತದ್ದು ನಿಜ, ಎರಡು ಒಗೆತದ ಮೇಲೂ ಇದೆ, ಕಲೆಯೂ ಇದೆ. ಬಟ್ಟೆಗೆ ಹಾಕುವುದಿದ್ದರೆ ಆಲ್ಕೋಹಾಲಿನ ಸ್ಪ್ರೇ, ಅದೂ ಗಾಢ ಬಣ್ಣದ ಹತ್ತಿಬಟ್ಟೆಗೆ, ಒಳಮಗ್ಗುಲಿಗೆ. ರೇಷ್ಮೆ ಪಂಚೆಯ ಹತ್ತಿರ ಯಾವುದನ್ನೂ ತರಬೇಡಿ.

ಮೇ 21

ಈಗ ನೆಲೆನಿಂತ ಕ್ರಮ: ಗಂಧದ ಸೋಪು, ಎದೆಗೆ ಸ್ವಲ್ಪ ಜೆಲ್ಲಿ, ಅದರ ಮೇಲೆ ಕಡ್ಡಿಯ ತುದಿಯಷ್ಟು ಲಾವಂಚ, ಎರಡು ನಿಮಿಷ ಬಿಟ್ಟು ಒಂದು ಸ್ಪ್ರೇ. ಇನ್ನೊಂದು ಸ್ಪ್ರೇ ಕತ್ತಿನ ಹಿಂಭಾಗಕ್ಕೆ, ನನ್ನ ಮೂಗಿಗೆ ಸಿಗದಂತೆ. ನಾಲ್ಕೂವರೆ ಅಂಕ, ಆರು ದಿನ ಸತತ. ಸ್ಪ್ರೇ ಬೇಗ ಹಾರಿಹೋದರೂ ಲಾವಂಚದ ಬೇರು ಬಿಡುವುದಿಲ್ಲ. ಮೊದಲ ಮಳೆಗೆ ಮಣ್ಣು ನೆನೆದ ಹಾಗೆ ಸಂಜೆಗೂ ಸಣ್ಣಗೆ ಇರುತ್ತದೆ. ಬಾಟಲಿಯ ಮಟ್ಟಕ್ಕೆ ಪೆನ್ನಿನಲ್ಲಿ ಎಳೆದ ಗೆರೆಯಿಂದ ಸೆಂಟು ಇಳಿದಿರುವುದು ಒಂದು ಬೆರಳಿನಷ್ಟೂ ಇಲ್ಲ.

ಉಳಿದದ್ದು ದವನ. ಹೂವಾಡಗಿತ್ತಿಯರು ಮಲ್ಲಿಗೆಯ ನಡುವೆ ಹಸಿರಿಗೆಂದು ಪೋಣಿಸುತ್ತಾರಲ್ಲ, ಅದೇ ದವನ. ನಮ್ಮ ದಕ್ಷಿಣದ ಹೊಲಗಳಲ್ಲಿ ಬೆಳೆದು ಎಣ್ಣೆಯಾಗಿ ದೊಡ್ಡ ದೊಡ್ಡ ಸೆಂಟುಗಳೊಳಗೆ ಹೋಗುತ್ತದೆ. ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ವಾಸನೆ ಬೀರುವ ಎಣ್ಣೆ ಎಂದು ಸೆಂಟಿನವರಲ್ಲಿ ಅದಕ್ಕೆ ಹೆಸರು. ನಂಬಿಕೆಯಾಗಲಿಲ್ಲ. ಇವತ್ತು ಬೆಳಗ್ಗೆ ಒಂದೇ ಕಡ್ಡಿಯಿಂದ ನನ್ನ ಮುಂಗೈಗೂ ಅಪ್ಪನ ಮುಂಗೈಗೂ ಇಟ್ಟೆ. ಒಂದು ಗಂಟೆಯ ಮೇಲೆ ಹೆಂಡತಿಯ ಕಣ್ಣಿಗೆ ಟವೆಲು ಕಟ್ಟಿ ಕೂರಿಸಿದೆವು.

ಮೊದಲ ಕೈ: "ಹಳೆಯ ಚಹಾಪುಡಿ ಡಬ್ಬಿ, ಒಣ ಹುಲ್ಲು." ಎರಡನೆಯದು: "ಹಲಸಿನ ಹಣ್ಣು ಬಿಡಿಸಿದ ಹಾಗೆ, ಜೇನು, ಎಷ್ಟು ಚೆನ್ನಾಗಿದೆ. ಇದು ನಿಮ್ಮದಾ?"

ಅಪ್ಪ ಮಾತಾಡದೆ ಕೈ ಹಿಂದಕ್ಕೆ ತೆಗೆದುಕೊಂಡು, ಶೀಶೆಗೆ ಮುಚ್ಚಳ ಹಾಕಿ, ಅದನ್ನು ತಮ್ಮ ಜುಬ್ಬಾದ ಜೇಬಿಗೆ ಇಳಿಸಿದರು.