ಮೇ ತಿಂಗಳಲ್ಲಿ ರೂಮಿಲ್ಲ: ಪೆರ್ಲದ ಹತ್ತಿರ ಸುರಂಗದ ನೀರಿನ ಮನೆಯಲ್ಲಿ ಮೂರು ದಿನ

ಮಗಳ ಬೇಸಿಗೆ ರಜೆಗೆ ಇನ್ನೂ ಒಂದು ತಿಂಗಳಿರುವಾಗಲೇ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಹೋಂಸ್ಟೇಗೆ ಫೋನ್ ಮಾಡಿದ್ದೆ. ಮೇ ಮೊದಲ ವಾರ ಎರಡು ರೂಮು ಬೇಕು ಅಂದೆ. "ಮೇಯಲ್ಲಿ ಇಲ್ಲ ಸಾರ್. ಏಪ್ರಿಲ್ 10ಕ್ಕೆ ಬಾಗಿಲು ಹಾಕ್ತೇವೆ. ಆಟಿ ಕಳೆದ ಮೇಲೆ ಬನ್ನಿ" ಅಂದರು ಆ ಕಡೆಯವರು. ಆಟಿ ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳು. ಎಲ್ಲಾ ಬುಕ್ ಆಗಿದೆಯಾ ಅಂತ ಕೇಳಿದೆ. "ಬುಕ್ ಆದದ್ದಲ್ಲ. ನೀರಿಲ್ಲ."

ನನಗೆ ಸಿಟ್ಟೇ ಬಂತು. ಬೆಂಗಳೂರಿನವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹೊರಡುವುದೇ ಏಪ್ರಿಲ್-ಮೇಯಲ್ಲಿ. ದುಡ್ಡು ಬರುವ ಕಾಲಕ್ಕೆ ಬಾಗಿಲು ಹಾಕುವುದು ಎಂಥ ವ್ಯಾಪಾರ? ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ತೋಟವಿದೆ. ಅಲ್ಲಿ ನಾಲ್ಕು ರೂಮು ಕಟ್ಟಿಸಿ ಅತಿಥಿಗಳನ್ನು ಕರೆಯಬೇಕು ಅನ್ನುವ ಆಸೆ ನನಗೆ ಬಹಳ ದಿನದ್ದು. ಹಾಗಾಗಿ ಈ ವಿಚಿತ್ರ ಮನೆಯನ್ನು ನೋಡಲೇಬೇಕು ಅನ್ನಿಸಿತು. ನವೆಂಬರ್ ಕೊನೆಗೆ ಹೋದೆವು. ನಾನು, ಹೆಂಡತಿ, ಮಗಳು, ಎಪ್ಪತ್ತು ದಾಟಿದ ಅಮ್ಮ.

ಹೋಗುವ ದಾರಿ ಹೇಳಿಬಿಡುತ್ತೇನೆ. ಕಾರಿನವರು ಶಿರಾಡಿ ಇಳಿದು ಕಲ್ಲಡ್ಕದಲ್ಲಿ ಎಡಕ್ಕೆ ತಿರುಗಿ. ವಿಟ್ಲ, ಅಡ್ಯನಡ್ಕ ದಾಟಿದರೆ ಸಾರಡ್ಕದಲ್ಲಿ ಕೇರಳದ ಗಡಿ. ಅಲ್ಲಿಂದ ಪೆರ್ಲ ದೂರವಿಲ್ಲ. ರೈಲಿನವರು ಕಾಸರಗೋಡಿನಲ್ಲಿ ಇಳಿದು ಬದಿಯಡ್ಕದ ಮೇಲೆ ಪೆರ್ಲಕ್ಕೆ ಬರುವ ಬಸ್ಸು ಹಿಡಿಯಬೇಕು. ಬೋರ್ಡು ಮಲಯಾಳಂನಲ್ಲಿ ಇರುತ್ತದೆ, ಗಾಬರಿ ಬೇಡ. "ಪೆರ್ಲ ಹೋಗ್ತದಾ?" ಅಂತ ಕನ್ನಡದಲ್ಲೇ ಕೇಳಿ. 1956ರ ನವೆಂಬರ್ 1ಕ್ಕೆ ಈ ಊರುಗಳು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದವು, ಮನೆಯ ಮಾತು ಎಲ್ಲಿಗೂ ಹೋಗಲಿಲ್ಲ. ಕತ್ತಲಾದ ಮೇಲೆ ಒಳಗಿನ ಊರಿಗೆ ಬಸ್ಸು ಸಿಗುವುದು ಕಷ್ಟ. ಮಧ್ಯಾಹ್ನದೊಳಗೆ ಪೆರ್ಲ ಮುಟ್ಟುವ ಹಾಗೆ ನೋಡಿಕೊಳ್ಳಿ.

ಕೊನೆಯ ಐದಾರು ಕಿಲೋಮೀಟರಿಗೆ ಮೊಬೈಲ್ ಮ್ಯಾಪು ನಂಬಬೇಡಿ. ನಾವು ನಂಬಿದೆವು. ಅದು ರಬ್ಬರ್ ತೋಟದ ನಡುವೆ ಕರೆದುಕೊಂಡು ಹೋಗಿ ಕೆಂಪುಕಲ್ಲಿನ ಕೋರೆಯ ಅಂಚಿಗೆ ನಿಲ್ಲಿಸಿತು. ಮುಂದೆ ರಸ್ತೆಯೇ ಇಲ್ಲ. ಅರ್ಧ ಗುಡ್ಡವನ್ನು ಇಟ್ಟಿಗೆ ಅಳತೆಗೆ ಕೊಯ್ದು ತೆಗೆದಿದ್ದರು. ಮಗಳು "ಕೇಕ್ ಕಟ್ ಮಾಡಿದ ಹಾಗಿದೆ" ಅಂದಳು. ಫೋನ್ ಮಾಡಿದ ಮೇಲೆ ನೆರೆಮನೆಯ ಹುಡುಗ ಜೀಪು ತಂದ. ನಮ್ಮ ಕಾರನ್ನು ಪೇಟೆಯಲ್ಲಿ ಬಿಟ್ಟು ಅವನ ಜೀಪಿನಲ್ಲೇ ಹೋದೆವು. ನೀವು ಮೊದಲೇ ಆ ಜೀಪು ಹೇಳಿ. ಇಳಿಜಾರಿನ ಮಣ್ಣುದಾರಿಗೆ ನಮ್ಮ ಊರಿನ ಕಾರು ಆಗುವುದಿಲ್ಲ.

ಹೋದ ಕೂಡಲೇ ಜಗಲಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಟ್ಟರು. "ಆಸರಿಗೆ ಎಂತ ಆಗ್ಬೇಕು? ಕಾಫಿಯಾ, ಮಜ್ಜಿಗೆಯಾ?" ಮನೆಯ ಯಜಮಾನರನ್ನು ಊರಿಗೆ ಊರೇ ಭಟ್ರು ಅನ್ನುತ್ತದೆ, ನಾವೂ ಹಾಗೇ ಕರೆದೆವು. ಅವರ ಹೆಂಡತಿ ಮೊದಲ ದಿನ ಮಧ್ಯಾಹ್ನಕ್ಕೇ ನನ್ನ ಹೆಂಡತಿಗೆ ಅಕ್ಕ ಆದರು. ಇರುವುದು ಮೂರೇ ರೂಮು. ಹಳೆಯ ಅಡಿಕೆ ಅಟ್ಟವನ್ನೇ ಗೋಡೆ ಎಬ್ಬಿಸಿ ರೂಮು ಮಾಡಿದ್ದಾರೆ. ಎಸಿ ಇಲ್ಲ, ಟಿವಿ ಇಲ್ಲ, ಶವರ್ ಇಲ್ಲ. ಬಚ್ಚಲಲ್ಲಿ ಹಂಡೆ, ಪಕ್ಕದಲ್ಲಿ ಒಂದು ಚೆಂಬು. ಉರಿಗೆ ಒಣ ಮಡಲು, ಅಡಿಕೆ ಸಿಪ್ಪೆ. "ಕೇರಳದಲ್ಲಿ ಹೋಂಸ್ಟೇಗೆ ಆರು ರೂಮಿನವರೆಗೆ ಬಿಡ್ತಾರಲ್ವಾ, ಮೂರೇ ಯಾಕೆ?" ಅಂತ ಕೇಳಿದೆ. ಭಟ್ರು ನಕ್ಕರು. "ಕಾಗದದಲ್ಲಿ ಆರು. ನೀರಿನಲ್ಲಿ ಮೂರು. ನಾಳೆ ತೋರಿಸ್ತೇನೆ."

ಮಾರನೇ ದಿನ ಬೆಳಿಗ್ಗೆ ತೋಟದ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಗುಡ್ಡದ ಹೊಟ್ಟೆಯಲ್ಲಿ ಒಂದು ಬಾಗಿಲಿನ ಹಾಗೆ ತೂತು. ಆಳೆತ್ತರ, ಅಗಲ ಮಾತ್ರ ಒಬ್ಬರಿಗೇ ಸಾಕಾಗುವಷ್ಟು. ಇದೇ ಸುರಂಗ. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಅಡ್ಡಕ್ಕೆ ತೋಡಿದ್ದು ಅಂದುಕೊಳ್ಳಿ. ಮಳೆನೀರು ಮುರಕಲ್ಲಿನಲ್ಲಿ, ಅಂದರೆ ಅದೇ ಕೆಂಪುಕಲ್ಲಿನಲ್ಲಿ, ಇಂಗಿ ಒಳಗೆ ಎಲ್ಲೋ ನಿಂತಿರುತ್ತದೆ. ಅದು ಸಿಗುವವರೆಗೆ ಪಿಕಾಸಿಯಲ್ಲಿ ಕೊರೆಯುತ್ತಾ ಹೋಗುವುದು. ಸಿಕ್ಕ ಮೇಲೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಳತೆ ಕೋಲಿನಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಈ ಸುರಂಗ 120 ಕೋಲು. ಭಟ್ರ ಅಜ್ಜನ ಕಾಲದ್ದು.

ಒಳಗೆ ಹೋಗುವ ಮುಂಚೆ ಭಟ್ರು ಮೊಂಬತ್ತಿ ಹಚ್ಚಿದರು. ನನ್ನ ಹತ್ತಿರ ಒಳ್ಳೆಯ ಟಾರ್ಚ್ ಇತ್ತು, ತೋರಿಸಿದೆ. "ಬೆಳಕಿಗಲ್ಲ ಇದು. ಬತ್ತಿ ನಂದಿದರೆ ಉಸಿರಾಡಲಿಕ್ಕೆ ಗಾಳಿ ಇಲ್ಲ ಅಂತ ಲೆಕ್ಕ. ಆಗ ತಿರುಗಿ ಬರುವುದು." ಪಾದ ಮುಳುಗುವಷ್ಟು ನೀರು, ಐಸಿನ ಹಾಗೆ. ಮೂವತ್ತು ಕೋಲು ಹೋಗುವಷ್ಟರಲ್ಲಿ ಹಿಂದಿನ ಬಾಗಿಲು ಒಂದು ರೂಪಾಯಿ ನಾಣ್ಯದಷ್ಟಾಯಿತು. ತಲೆಯ ಮೇಲಿಂದ ಬಾವಲಿಯೊಂದು ಕಿವಿ ಸವರಿಕೊಂಡು ಹೋಯಿತು. ನಾನು ಅಲ್ಲಿಂದಲೇ ವಾಪಸ್. ಮಗಳು ಇನ್ನೂ ಹತ್ತು ಕೋಲು ಹೋಗಿಬಂದಳು. ನಿಮ್ಮ ಪಾಡಿಗೆ ನೀವು ಯಾವ ಸುರಂಗಕ್ಕೂ ಇಳಿಯಬೇಡಿ. ಪಾಳುಬಿದ್ದವು ಬೇಕಾದಷ್ಟಿವೆ. ಅವು ಕುಸಿಯುತ್ತವೆ, ಹಾವೂ ಇರುತ್ತವೆ.

ಹೊರಗೆ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆ ಇಟ್ಟು ನೀರು ಹಾಯಿಸಿದ್ದಾರೆ. ಭಟ್ರು ಅದರ ಬಾಯಿಗೆ ತಾಮ್ರದ ಕೊಡಪಾನ ಹಿಡಿದು ಗಡಿಯಾರ ನೋಡಿದರು. ನಲವತ್ತು ಸೆಕೆಂಡಿಗೆ ತುಂಬಿತು. ಪಕ್ಕದ ಕಲ್ಲಿನ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ಅಂಕಿಗಳು, ವಾರಕ್ಕೊಂದು. ಕಳೆದ ಏಪ್ರಿಲಿನದು ಹುಡುಕಿ ತೋರಿಸಿದರು: ಆರು ನಿಮಿಷ. ಅಂದರೆ ಗಂಟೆಗೆ ಹತ್ತು ಕೊಡಪಾನ, ದಿನಕ್ಕೆ 240. ಸುರಂಗ ತೋಡುವಾಗ ಕೆಳಗಿನ ನಾಲ್ಕು ಮನೆಯವರೂ ಮಣ್ಣು ಹೊತ್ತಿದ್ದರಂತೆ. ಅವರಿಗೂ ಇದೇ ನೀರು. ಐದು ಮನೆಗೆ ಮೂವತ್ತರಂತೆ 150. ದನಗಳಿಗೆ, ಕೊಟ್ಟಿಗೆಗೆ ನಲವತ್ತು. ಉಳಿದ ಐವತ್ತು ಯಾರದೋ ಮನೆಯಲ್ಲಿ ಬಾಣಂತಿ, ಯಾರದೋ ಮನೆಯಲ್ಲಿ ತಿಥಿ ಅಂತ ಮುಗಿದುಹೋಗುತ್ತದೆ. "ನಿಮ್ಮ ಊರಿನ ಸ್ನಾನ ಒಂದಕ್ಕೆ ಹತ್ತು ಕೊಡಪಾನ ಬೇಕು ಮಾರಾಯ್ರೆ. ಮೇಯಲ್ಲಿ ನಿಮ್ಮನ್ನು ಕರೆದರೆ ಕೆಳಗಿನ ಮನೆಯ ಹಂಡೆ ಖಾಲಿ." ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಬೋರ್‌ವೆಲ್ ಹಾಕಿಸಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಆಚೆ ಗುಡ್ಡದಲ್ಲಿ ಒಂದಾದ ಮೇಲೊಂದು ಬೋರ್ ಬಿದ್ದು ಅಲ್ಲಿನ ಎರಡು ಸುರಂಗ ಒಣಗಿವೆಯಂತೆ. ನಾವು ದಾರಿ ತಪ್ಪಿ ನೋಡಿದ ಆ ಕೋರೆಯೂ ಅಷ್ಟೇ. ನೀರು ಹಿಡಿದಿಡುವ ಕಲ್ಲನ್ನೇ ಲಾರಿಗೆ ತುಂಬಿ ಕಳಿಸಿದರೆ ನೀರು ನಿಲ್ಲುವುದಾದರೂ ಎಲ್ಲಿ? ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಕೇರಳದ 44 ನದಿಗಳಲ್ಲಿ 12 ಇಲ್ಲೇ ಇವೆ. ಆದರೂ ಮೇಯಲ್ಲಿ ಕೊಡಪಾನ ಎಣಿಸಬೇಕು.

ಸುರಂಗದ ಬಗ್ಗೆ ಆಸಕ್ತಿ ಇದ್ದವರು ಬರುವ ದಾರಿಯಲ್ಲೇ ಅಡ್ಯನಡ್ಕದ ಬಳಿಯ ಅಮೈ ನೋಡಬಹುದು. ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ಸೋತು, ಕೊನೆಗೆ ನೀರು ತೆಗೆದು ತೋಟ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ಹೋಗುವುದಾದರೆ ಮೊದಲೇ ತಿಳಿಸಿ ಹೋಗಿ. ಅದು ಮ್ಯೂಸಿಯಂ ಅಲ್ಲ, ಮನೆ.

ಊಟದ ವಿಷಯ. ನವೆಂಬರಿನಲ್ಲಿ ಹಲಸು ಇರುವುದಿಲ್ಲ, ಆದರೆ ಭರಣಿಯಲ್ಲಿ ಉಪ್ಪು ಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಇರುತ್ತದೆ. ಅದರ ರೊಟ್ಟಿಗೆ ತೆಂಗಿನೆಣ್ಣೆ ಸವರಿ ಕೊಟ್ಟರು. ಅಮ್ಮ ಎರಡು ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಕೊದಿಲು (ಸಾಂಬಾರಿನ ಹಾಗೆ), ಒಂದು ತಂಬುಳಿ. ಹಾಲು ಕಾಸರಗೋಡು ಗಿಡ್ಡ ಹಸುವಿನದು. ನನ್ನ ಸೊಂಟಕ್ಕಿಂತ ಎತ್ತರ ಇಲ್ಲದ ಹಸು. ಕೊಡುವುದು ಕಮ್ಮಿ, ತಿನ್ನುವುದೂ ಕಮ್ಮಿ. ಆದ್ದರಿಂದ ಕಾಫಿ ದಿನಕ್ಕೆ ಎರಡು ಸಲ, ಅಷ್ಟೇ. ಮೂರನೆಯದಕ್ಕೆ ಬೆಲ್ಲದ ಕಷಾಯ. ಮೀನು, ಮಾಂಸ ಇಲ್ಲ. ಬೇಕಾದವರು ಪೆರ್ಲದಲ್ಲೋ ಕುಂಬಳೆಯಲ್ಲೋ ತಿಂದು ಬರಬಹುದು.

ಪ್ಲಾಸ್ಟಿಕ್ ಬಗ್ಗೆ ಎಚ್ಚರ ಹೇಳಲೇಬೇಕು. ಮಗಳು ಬ್ಯಾಗಿನಲ್ಲಿ ಚಿಪ್ಸ್ ತಂದಿದ್ದಳು. ತಿಂದಾದ ಮೇಲೆ ಕವರ್ ಎಲ್ಲಿ ಹಾಕಲಿ ಅಂದಾಗ ಅಕ್ಕ ಅವಳ ಕೈಗೆ ಸೋಪು ಕೊಟ್ಟರು. "ತೊಳೆದು ಹಗ್ಗಕ್ಕೆ ಹಾಕು ಮಗಾ. ಕರ್ಮ ಸೇನೆಯವರು ಕೊಳಕಿದ್ದರೆ ತಗೊಳ್ಳುವುದಿಲ್ಲ." ಹರಿತ ಕರ್ಮ ಸೇನೆ ಅಂದರೆ ಕೇರಳದಲ್ಲಿ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಗುಂಪು. ಮೂರನೇ ದಿನ ಇಬ್ಬರು ಹಸಿರು ಕೋಟು ಹಾಕಿಕೊಂಡು ಬಂದರು. ಗೋಡೆಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು, ಚೀಲ ತುಂಬಿ, ತಿಂಗಳ ದುಡ್ಡು ತಗೊಂಡು ಹೋದರು. ಒಗೆದ ಬಟ್ಟೆಗಳ ನಡುವೆ ನಾಲ್ಕು ಚಿಪ್ಸ್ ಕವರ್ ಕ್ಲಿಪ್ ಹಾಕಿಸಿಕೊಂಡು ನೇತಾಡುತ್ತಿದ್ದ ಫೋಟೋ ನನ್ನ ಹತ್ತಿರ ಇದೆ. ಆಮೇಲೆ ಅವಳು ಚಿಪ್ಸ್ ಕೇಳಲಿಲ್ಲ.

ಇನ್ನೊಂದು ಮಾತು. ಈ ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಊರುಗಳ ಕಡೆಯ ಗುಡ್ಡಗಳಲ್ಲಿ ಸರ್ಕಾರಿ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದರು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಹಾಸಿಗೆ ಹಿಡಿದ ಮಕ್ಕಳು ಇವತ್ತಿಗೂ ಮನೆಗಳಲ್ಲಿದ್ದಾರೆ. ಕೆಲವು ಅತಿಥಿಗಳು "ಅವರನ್ನು ತೋರಿಸ್ತೀರಾ" ಅಂತ ಕೇಳುತ್ತಾರಂತೆ, ಕ್ಯಾಮೆರಾ ಹಿಡಿದು. ದಯವಿಟ್ಟು ಬೇಡ. ಭಟ್ರು ಕರೆದುಕೊಂಡು ಹೋಗುವುದೂ ಇಲ್ಲ. ಅದರ ಬದಲು ಕೆಳಗಿನ ಮನೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಒಂದು ಪ್ರೆಸ್ ಹಾಕಿಸಿದ್ದಾರೆ. ಮನೆ ಬಿಟ್ಟು ದೂರ ಹೋಗಲಾಗದ ಅಮ್ಮಂದಿರು ಎರಡು ಗಂಟೆ ಬಂದು ಕೆಲಸ ಮಾಡಿ ಹೋಗುತ್ತಾರೆ. ನೀರಲ್ಲಿ ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನ ಕೆಳಗೆ ಇಟ್ಟು ಒತ್ತಿದರೆ ಸುಯ್ ಅಂತ ಹಬೆ ಬಂದು ತಟ್ಟೆ ಸಿದ್ಧ. ನಾವು ಐವತ್ತು ತಟ್ಟೆ ಕೊಂಡೆವು.

ಬಿಲ್ಲು ಕೊಡುವ ರೀತಿ ನನಗೆ ಮೊದಲು ಸ್ವಲ್ಪ ಕಸಿವಿಸಿ ಆಯಿತು. ಒಂದು ಮೊತ್ತ ಹೇಳುವುದಿಲ್ಲ. ರೂಮಿನದು ಭಟ್ರಿಗೆ, ಅಡುಗೆಯ ಕೂಲಿ ಅಡುಗೆಗೆ ಬಂದ ಇಬ್ಬರು ಹೆಂಗಸರಿಗೆ, ಜೀಪಿನದು ಹುಡುಗನಿಗೆ, ತರಕಾರಿದು ಇನ್ನೊಂದು ಮನೆಗೆ. ಎಲ್ಲವನ್ನೂ ಚೀಟಿಯಲ್ಲಿ ಬೇರೆ ಬೇರೆ ಬರೆದು, ಅವರವರಿಗೇ ಫೋನ್‌ಪೇ ಮಾಡಿ ಅನ್ನುತ್ತಾರೆ. ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಸ್ವಲ್ಪ ಚಿಲ್ಲರೆ ದುಡ್ಡು ಇಟ್ಟುಕೊಂಡಿರಿ. ಕಾಗದದ ರಗಳೆ ಜಾಸ್ತಿ, ಆದರೆ ದುಡ್ಡು ಯಾರ ಕೈಗೆ ಹೋಯಿತು ಅಂತ ಗೊತ್ತಾಗುತ್ತದೆ. ಈಜುಕೊಳ ಕಟ್ಟಿ 'ಇಕೋ' ಅಂತ ಬೋರ್ಡು ಹಾಕಿದ ಕಡೆ ಇದನ್ನು ನಾನು ನೋಡಿಲ್ಲ. ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಬಚ್ಚಲಿಗೆ ಹೋಗುವ ಮೆಟ್ಟಿಲು ರಾತ್ರಿ ಜಾರುತ್ತದೆ, ಅಮ್ಮನಿಗೆ ಬಹಳ ಕಷ್ಟವಾಯಿತು. ಹಿರಿಯರಿದ್ದರೆ ಅಂಗಳಕ್ಕೆ ಹತ್ತಿರದ ರೂಮನ್ನೇ ಕೇಳಿ.

ಸುತ್ತಮುತ್ತ ನೋಡಲು ಬೇಕಾದಷ್ಟಿದೆ. ಬೆಳಿಗ್ಗೆ ಬೇಗ ಪೊಸಡಿ ಗುಂಪೆ ಹತ್ತಿದರೆ ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ. ಅನಂತಪುರದ ಕೆರೆ ದೇವಸ್ಥಾನ, ಮಧೂರು, ಬೇಕಲ ಕೋಟೆ ಒಂದೇ ದಿನಕ್ಕೆ ಮುಗಿಸುತ್ತೇವೆ ಅಂತ ಹೊರಡಬೇಡಿ. ನಾವು ಮಧೂರು ದೇವಸ್ಥಾನದ ಅಪ್ಪ ಪ್ರಸಾದ ತಿಂದು, ಅನಂತಪುರ ನೋಡಿ ಸುಮ್ನೆ ವಾಪಸ್ ಬಂದೆವು. ಅನಂತಪುರದ ಕೆರೆಯಲ್ಲಿದ್ದ ಬಬಿಯ ಅನ್ನುವ ಮೊಸಳೆ 2022ರಲ್ಲಿ ತೀರಿಹೋಯಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಮಗಂತೂ ಕಾಣಿಸಲಿಲ್ಲ.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಪಾದೆಗಳ ಮೇಲೆ ಸಣ್ಣ ಹೂಗಳ ಹಾಸು ಚಂದ, ಆದರೆ ಉಂಬಳ ಕಚ್ಚುತ್ತದೆ, ಸುರಂಗದೊಳಗೆ ಬಿಡುವುದೂ ಇಲ್ಲ. ಮಾರ್ಚಿನಲ್ಲಿ ಹೋಗುವವರು ಫೋನಿನಲ್ಲಿ ರೂಮು ಇದೆಯಾ ಅನ್ನುವ ಮೊದಲು ಕೊಡಪಾನ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಕೇಳಿ. ಭಟ್ರಿಗೆ ಖುಷಿ ಆಗುತ್ತದೆ.

ಊರಿಗೆ ಬಂದ ಮಾರನೇ ದಿನ ನಾನೂ ನಮ್ಮ ತೋಟದ ಒರತೆಗೆ ಹೋದೆ. ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ. 52 ಸೆಕೆಂಡು. ಅದು ಡಿಸೆಂಬರಿನ ಲೆಕ್ಕ. ನಾಲ್ಕು ರೂಮಿನ ಪ್ಲಾನ್ ಹಿಡಿದು ಮೇಸ್ತ್ರಿ ಎರಡು ಸಲ ಬಂದು ಹೋದ. ಏಪ್ರಿಲ್ ಆಗಲಿ ಅಂತ ಕಳಿಸಿದ್ದೇನೆ.