ಅಡುಗೆಮನೆಯ ಮೆಝೂಝಾ

27 ಡಿಸೆಂಬರ್ 2024, ಶುಕ್ರವಾರ
ನೆತನ್ಯಾ, ಇಸ್ರೇಲ್

ಇವತ್ತು ಯೆಹೂದಿಗಳ ದೀಪದ ಹಬ್ಬ ಹನೂಕಾದ ಮೂರನೇ ದೀಪ, ಜೊತೆಗೆ ಶಬ್ಬಾತ್, ಅವರ ವಾರದ ವಿಶ್ರಾಂತಿಯ ದಿನ. ಮೊದಲು ಹನೂಕಾ ದೀಪ, ಆಮೇಲೆ ಶಬ್ಬಾತ್ ದೀಪ. ಶಬ್ಬಾತ್ ದೀಪ ಹಚ್ಚಿದ ಮೇಲೆ ಯೆಹೂದಿಗಳು ಬೆಂಕಿ ಮುಟ್ಟುವ ಹಾಗಿಲ್ಲ. ಹೊತ್ತು ಮುಳುಗುವುದೂ ಬೇಗ. ಅಂಥ ಹೊತ್ತಿನಲ್ಲೇ ಸಾಬಾ, ಸಾವ್ತಾ ಜಗಳಕ್ಕೆ ನಿಂತರು. (ನಾನು ನೋಡಿಕೊಳ್ಳುವ ಅಜ್ಜ, ಅಜ್ಜಿ. ಇಲ್ಲಿ ಹಾಗೇ ಕರೆಯುವುದು.)

ಸಾಬಾಗೆ ಎಣ್ಣೆ ದೀಪವೇ ಬೇಕು. ಸಾವ್ತಾಗೆ ಮೇಣದ ಬತ್ತಿ ಸಾಕು. ಎಣ್ಣೆ ಚೆಲ್ಲಿದರೆ ಒರೆಸುವವರು ಯಾರು ಅಂತ ಅವರ ಪ್ರಶ್ನೆ. ನಾನೇ, ಇನ್ಯಾರು! ಕೊನೆಗೆ ಸಾಬಾ ಕೈ ಕೊಡವಿ "ವಿತರ್ತಿ" ಅಂದರು. ಬಿಟ್ಟುಕೊಟ್ಟೆ ಅಂತ. ಈ ಮನೆಯಲ್ಲಿ ದಿನಕ್ಕೆ ಎರಡು ಸಲವಾದರೂ ಕೇಳುವ ಮಾತು.

ದೀಪ ಹಚ್ಚಿ ಕೂತ ಮೇಲೆ ಸಾಬಾ ಯೆಹೂದಿಗಳ ಹಳೇ ಧರ್ಮಶಾಸ್ತ್ರ ತಾಲ್ಮುದ್‌ನ ಒಂದು ಲೆಕ್ಕ ಹೇಳಿದರು. ಬಡವನ ಕೈಯಲ್ಲಿ ಒಂದೇ ದೀಪಕ್ಕೆ ಕಾಸಿದೆ. ಹನೂಕಾದ್ದು ಕೊಳ್ಳಬೇಕೋ, ಶಬ್ಬಾತ್‌ದೋ? ಶಬ್ಬಾತ್‌ದು. ಅದು ಮನೆಯೊಳಗಿನ ಬೆಳಕು. ಮನೆಯವರು ಕತ್ತಲಲ್ಲಿ ಕೂರಬಾರದು. ಕಾರಣ 'ಶಾಲೋಮ್ ಬಾಯಿತ್', ಮನೆಯ ನೆಮ್ಮದಿ. ದೇವರ ಪವಾಡ ಸಾರುವ ಹನೂಕಾ ದೀಪವೇ ಪಕ್ಕಕ್ಕೆ ಸರಿಯುತ್ತದೆ, ನೋಡಿ.

ನನಗೆ ಸಿಟ್ಟು ಬಂತು. ಮೊನ್ನೆ ಕ್ರಿಸ್ಮಸ್‌ಗೆ ಅಮ್ಮ ಮಂಗಳೂರಿಂದ ವಿಡಿಯೋ ಕಾಲ್‌ನಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಯ ತಟ್ಟೆ ತೋರಿಸಿದ್ದರು. ನೆವ್ರಿ, ಕಿಡಿಯೊ ಎಲ್ಲ ಇತ್ತು. ಆಮೇಲೆ ಅದೇ ಹಳೇ ರಾಗ. "ತಮ್ಮನ ಜೊತೆ ಎಂತ ಹಟ? ನೀನು ಹೆಣ್ಣುಮಗಳು, ನೀನೇ ಸ್ವಲ್ಪ ತಗ್ಗು." ಊರ ಮನೆಯ ಹೆಂಚು ತೆಗೆದು ತಾರಸಿ ಹಾಕಿಸಿದ್ದು ನಾನು ದುಡಿದ ಶೆಕೆಲ್‌ನಲ್ಲಿ. ಈಗ ಬಾವಿ ಕಡೆಯ ಜಾಗ ಪೂರ್ತಿ ತನಗೇ ಬೇಕಂತೆ ಅವನಿಗೆ. ಎರಡು ವರ್ಷ ಆಯಿತು ಮಾತು ಬಿಟ್ಟು.

"ನೆಮ್ಮದಿಗೆ ಅಂತ ತಗ್ಗುವುದು ಯಾವಾಗಲೂ ಹೆಂಗಸೇ ಅಲ್ವಾ?" ಅಂತ ಕೇಳಿಯೇ ಬಿಟ್ಟೆ.

ಸಾಬಾ ಅಬ್ರಹಾಮನ ಕಥೆ ತೆಗೆದರು. ಕುರುಬರ ಜಗಳದಲ್ಲಿ ಹಿರಿಯನಾದ ಅಬ್ರಹಾಮನೇ ಸೋದರನ ಮಗ ಲೋಟನಿಗೆ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಅಂದ. ನೀರಿರುವ ಜೋರ್ದಾನ್ ಬಯಲನ್ನು ಲೋಟ ಆರಿಸಿಕೊಂಡ. ಇನ್ನೊಂದು, ಸಾರಾಳ ನಗು. ನನ್ನ ಗಂಡ ಮುದುಕ ಅಂತ ಅವಳು ಒಳಗೊಳಗೇ ನಕ್ಕಳು. ದೇವರು ಆ ಮಾತನ್ನು ಅಬ್ರಹಾಮನಿಗೆ ಹೇಳುವಾಗ, ತಾನು ಮುದುಕಿ ಅಂದಳು ಅಂತ ತಿರುಚಿದ. ಗಂಡ ಹೆಂಡತಿ ನಡುವೆ ಜಗಳ ಬೇಡ ಅಂತ ದೇವರೇ ಮಾತು ಬದಲಿಸಿದ ಅಂತಾರೆ ಇವರ ಗುರುಗಳು. ಚರ್ಚಿನಲ್ಲಿ ಎರಡೂ ಕಥೆ ಕೇಳಿದ್ದೆ. ಆದರೆ ಇವತ್ತು ಕಂಡದ್ದು ಬೇರೆ. ಇಲ್ಲಿ ತಗ್ಗಿದವನು ದೊಡ್ಡವನು. ನಮ್ಮಲ್ಲಿ ತಗ್ಗು ಅಂತ ಹೇಳಿಸಿಕೊಳ್ಳುವವರು ಸೊಸೆ, ಮಗಳು.

ಸಾವ್ತಾ ನಕ್ಕರು. "ಇವರದು ಬರೀ ಕಥೆ. ಐವತ್ತು ವರ್ಷ ಪೆಸಾಹ್ ಹಬ್ಬದಲ್ಲಿ ಅನ್ನ ಬಿಟ್ಟವಳು ನಾನು!" ಅವರದು ಇರಾಕಿನ ಮನೆತನ, ಹಬ್ಬಕ್ಕೂ ಅನ್ನ. ಸಾಬಾ ಕಡೆಯವರು ಅಶ್ಕೆನಾಝಿ, ಅಂದರೆ ಯುರೋಪ್ ಮೂಲದ ಯೆಹೂದಿಗಳು, ಆ ವಾರ ಅಕ್ಕಿ ಮುಟ್ಟುವುದಿಲ್ಲ. ಗಂಡನ ಮನೆಯ ಪದ್ಧತಿಯೇ ನಡೆಯಿತು.

ಆಮೇಲೆ ಸಾವ್ತಾ ನನ್ನನ್ನು ಬಾಗಿಲ ಹತ್ತಿರ ಕರೆದರು. ಮೆಝೂಝಾ ದಿನಾ ನೋಡುತ್ತೇನೆ, ಚೌಕಟ್ಟಿನ ಮೇಲಿನ ಪುಟ್ಟ ಡಬ್ಬಿ. ಒಳಗೆ ಸುರುಳಿ ಸುತ್ತಿದ, ಇವರ ಧರ್ಮಗ್ರಂಥ ತೋರಾದ ಮಾತು. ಅದು ಓರೆಯಾಗಿರುವುದು ಮೊಳೆ ಸಡಿಲವಾಗಿ ಅಂದುಕೊಂಡಿದ್ದೆ! ಹಿಂದಿನ ಕಾಲದ ಗುರು ರಶಿ ನೆಟ್ಟಗಿರಲಿ ಅಂದರಂತೆ. ಮೊಮ್ಮಗ ರಬ್ಬೇನು ತಾಮ್ ಅಡ್ಡವಿರಲಿ ಅಂದರಂತೆ. ಕೊನೆಗೆ ಅಶ್ಕೆನಾಝಿಗಳು ಅಜ್ಜ, ಮೊಮ್ಮಗ ಇಬ್ಬರಿಗೂ ಅರ್ಧರ್ಧ ಒಪ್ಪಿ ಓರೆಯಾಗಿ ಹೊಡೆದರು.

ಎಲ್ಲ ಬಾಗಿಲಲ್ಲೂ ಓರೆ. ಅಡುಗೆಮನೆಯದು ಮಾತ್ರ ನೆಟ್ಟಗೆ, ಸಾವ್ತಾ ತವರಿನಂತೆ.

"ಇದು ನನ್ನ ಬಾಗಿಲು. ಇದೊಂದು ಅವನು ಬಿಟ್ಟ" ಅಂದರು.

ಈಗ ಅವರಿಬ್ಬರೂ ಮಲಗಿದ್ದಾರೆ. ನಾನು ಕೋಣೆಗೆ ಬಂದು ತಮ್ಮನಿಗೆ ಮೆಸೇಜ್ ಹಾಕಿದೆ. "ಬಾವಿ ಕಡೆ ನೀನೇ ಇಟ್ಕೋ. ಹಲಸಿನ ಮರ ನನಗೆ."

ನೀಲಿ ಗೆರೆ ಬಿದ್ದಿದೆ. ಉತ್ತರ ಬಂದಿಲ್ಲ.